ರ‍್ಯಾಗ್‌ಹಾರ್ನ್ ಎಂಬ ಕಡಸು, ಎಲಿಜಬೆತ್ ಅಜ್ಜಿಯ ಹಸಿರು ಕಂಬಳಿ

1627ರ ಮೇ ತಿಂಗಳಲ್ಲಿ ಅಮೆರಿಕದ ಪ್ಲಿಮತ್ ಎಂಬ ಪುಟ್ಟ ಊರಿನವರು ತಮ್ಮ ದನ, ಆಡುಗಳನ್ನು ಹಂಚಿಕೊಂಡರು. ಊರಿನ ಜನರನ್ನೆಲ್ಲ ಹನ್ನೆರಡು ಪಾಲು ಮಾಡಿದರು. ಒಂದೊಂದು ಪಾಲಿಗೆ ಹದಿಮೂರು ಮಂದಿ. ಯಾವ ಪಾಲಿಗೆ ಯಾವ ದನ ಅಂತ ಪುಸ್ತಕದಲ್ಲಿ ಬರೆದಿಟ್ಟರು. ನಾಲ್ಕನೇ ಪಾಲು ಜಾನ್ ಹೌಲ್ಯಾಂಡ್‌ನದು. ಅವನ ಹೆಂಡತಿ ಎಲಿಜಬೆತ್, ಮಕ್ಕಳಾದ ಜಾನ್ ಮತ್ತು ಡಿಸೈರ್, ಆಲ್ಡನ್ ಮನೆಯವರು, ಇನ್ನೂ ಕೆಲವರು ಆ ಪಾಲಿನಲ್ಲಿದ್ದರು. ಅವರಿಗೆ ಸಿಕ್ಕಿದ್ದು ಜೇಕಬ್ ಎಂಬ ಹಡಗಿನಲ್ಲಿ ಬಂದ ಒಂದು ಕಡಸು. ಅದರ ಹೆಸರು ರ‍್ಯಾಗ್‌ಹಾರ್ನ್.

ಕಡಸಿನ ಹೆಸರನ್ನೂ ಬಿಡದೆ ಬರೆದಿದ್ದಾರೆ! ಅದನ್ನು ಓದಿದ ದಿನದಿಂದ ನನಗೆ ಈ ಜನರ ಬೆನ್ನು ಹತ್ತಬೇಕು ಅನ್ನಿಸಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಪಟ್ಟಿಯಲ್ಲಿರುವ ಡಿಸೈರ್ ಎಂಬ ಕೂಸಿನ ವಂಶದವನು ನನ್ನ ಮೊಮ್ಮಗ.

ಮಗಳು ಬಾಸ್ಟನ್ ಹತ್ತಿರ ಇದ್ದಾಳೆ. ಅಳಿಯ ಅಲ್ಲಿಯವನೇ. ಅವನ ತಾಯಿ, ಅಂದರೆ ನನ್ನ ಬೀಗಿತ್ತಿ, ನರ್ಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ತಮ್ಮ ತಾಯಿಯ ಕಡೆಯ ವಂಶಾವಳಿ ಹುಡುಕುತ್ತಿದ್ದಾರೆ. 1620ರಲ್ಲಿ ಇಂಗ್ಲೆಂಡಿನಿಂದ ಬಂದು ಪ್ಲಿಮತ್‌ನಲ್ಲಿ ನೆಲೆಸಿದವರ ಹಡಗು ಮೇಫ್ಲವರ್. ಅದರಲ್ಲಿ ಬಂದವರ ವಂಶಸ್ಥರಿಗೆ 1897ರಲ್ಲಿ ಹುಟ್ಟಿದ ಒಂದು ಸಂಘ ಇದೆ. ಮೊಮ್ಮಗನನ್ನು ಅದಕ್ಕೆ ಸೇರಿಸಬೇಕು ಅನ್ನೋದು ಅವರ ಆಸೆ. ನಾನು ಹೋದಾಗ ಅವರ ಊಟದ ಮೇಜಿನ ತುಂಬ ಕಾಗದ. ಊಟಕ್ಕೆ ಅಡುಗೆಮನೆಯಲ್ಲೇ ಕೂತೆವು. "ನೀವೂ ಬನ್ನಿ, ಅವನು ನಿಮ್ಮ ಮೊಮ್ಮಗನೂ ಹೌದಲ್ವಾ" ಅಂದರು. ಹೊರಟೆ.

ಬಾಸ್ಟನ್‌ನ ನ್ಯೂಬರಿ ಬೀದಿಯ ಗ್ರಂಥಾಲಯದಲ್ಲಿ ಕಳೆದ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವಂಶಾವಳಿಗೆಂದೇ 1845ರಲ್ಲಿ ಹುಟ್ಟಿದ ಸಂಸ್ಥೆ ಅದು. ಕೆಲಸ ಸೊಗಸಾಗಿ ಆಯಿತು. ಒಂದು ಮಾತು ಮಾತ್ರ ಹೇಳಬೇಕು. 1620ರ ಜನರನ್ನು ಹುಡುಕುವುದು ಕಷ್ಟ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಮೊದಲ ಐದು ತಲೆಮಾರನ್ನು ಆ ಸಂಘದವರೇ ಬೆಳ್ಳಿ ಬಣ್ಣದ ರಟ್ಟಿನ ಪುಸ್ತಕಗಳಲ್ಲಿ ಅಚ್ಚು ಮಾಡಿಸಿದ್ದಾರೆ. ನಿಜವಾದ ಕಷ್ಟ ಇರುವುದು 1780ರಿಂದ 1850ರ ನಡುವೆ. ಆಗ ಜನ ಹೊಸ ಜಮೀನು ಹುಡುಕಿಕೊಂಡು ನ್ಯೂಯಾರ್ಕ್ ಕಡೆ, ಇನ್ನೂ ಪಶ್ಚಿಮಕ್ಕೆ ಹೋದರು. ಬಾಸ್ಟನ್ ಸುತ್ತಲಿನ ನ್ಯೂ ಇಂಗ್ಲೆಂಡ್ ಪ್ರದೇಶದ ಊರುಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ರೂಢಿ ಇತ್ತು. ಆ ಕಡೆ ಹೆಚ್ಚಿನ ಕಡೆ ಇರಲಿಲ್ಲ. ಜನಗಣತಿಯಲ್ಲೂ 1850ಕ್ಕೆ ಮುಂಚೆ ಮನೆಯ ಯಜಮಾನನ ಹೆಸರು ಮಾತ್ರ. ಹೆಂಡತಿ, ಮಕ್ಕಳು ಬರೀ ಸಂಖ್ಯೆ. ಬೀಗಿತ್ತಿಯ ವಂಶದಲ್ಲೂ ಅಲ್ಲೇ ಒಬ್ಬ ಹೆಂಗಸು ಕಳೆದುಹೋಗಿದ್ದಳು. ಕೊನೆಗೆ ಸಿಕ್ಕಿದ್ದು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೈನಿಕನೊಬ್ಬನ ವಿಧವೆಯ ಪಿಂಚಣಿ ಕಡತದಲ್ಲಿ. ಮದುವೆಯಾಗಿದ್ದಕ್ಕೆ ಪುರಾವೆ ಕೇಳಿದಾಗ ಆ ಮುದುಕಿ ಮನೆಯ ಬೈಬಲ್ಲಿನಿಂದ ಮಕ್ಕಳ ಹೆಸರಿದ್ದ ಹಾಳೆಯನ್ನೇ ಹರಿದು ಕಳಿಸಿದ್ದಳು. ಅಂಥ ಕಡತಗಳಲ್ಲಿ ಹರಿದ ಬೈಬಲ್ ಹಾಳೆಗಳು ಇನ್ನೂ ಎಷ್ಟೋ ಇವೆಯಂತೆ.

ಇಲ್ಲಿ ಒಂದು ಕಿವಿಮಾತು. ಯಾವ ಊರಿನಿಂದ ಜನನ ಅಥವಾ ಮರಣ ಪತ್ರ ತರಿಸಿದರೂ ಪೂರ್ತಿ ನಮೂನೆಯೇ ಬೇಕು, ತಂದೆ ತಾಯಿ ಹೆಸರು ಇರಬೇಕು ಅಂತ ಬರೆದು ಕೇಳಿ. ಬೀಗಿತ್ತಿ ಒಂದು ಊರಿನ ಕಚೇರಿಗೆ ಹಾಗೇ ಬರೆದಿದ್ದರು, ದುಡ್ಡೂ ಕಟ್ಟಿದ್ದರು. ವಾರಗಟ್ಟಲೆ ಕಾದ ಮೇಲೆ ಬಂದಿದ್ದು ಹೆಸರು, ತಾರೀಖು ಮಾತ್ರ ಇರುವ ಚಿಕ್ಕ ಚೀಟಿ. ಫೋನ್ ಮಾಡಿದರೆ ಮತ್ತೆ ಅರ್ಜಿ ಹಾಕಿ, ಮತ್ತೆ ಶುಲ್ಕ ಕಟ್ಟಿ ಅಂದರು. ನಾವೇ ಕಾರು ಹತ್ತಿ ಆ ಊರಿಗೆ ಹೋದೆವು. ಅವತ್ತು ಮಧ್ಯಾಹ್ನಕ್ಕೇ ಕೌಂಟರ್ ಮುಚ್ಚಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೋಗುವ ಮುಂಚೆ ಕೌಂಟರ್ ತೆರೆದಿರುವ ಹೊತ್ತು ಕೇಳಿಕೊಳ್ಳಿ. ಕಚೇರಿ ತೆರೆದಿದೆ ಅಂದಮಾತ್ರಕ್ಕೆ ನಕಲು ಕೊಡುತ್ತಾರೆ ಅಂತಲ್ಲ.

ಪ್ಲಿಮತ್‌ಗೆ ಬಾಸ್ಟನ್‌ನಿಂದ ಸುಮಾರು 65 ಕಿಲೋಮೀಟರ್. ಎಲ್ಲರೂ ಮೊದಲು ಓಡುವುದು ಸಮುದ್ರದಂಡೆಯ ಪ್ಲಿಮತ್ ಬಂಡೆಗೆ. ದೊಡ್ಡ ದೊಡ್ಡ ಕಂಬಗಳ ಮಂಟಪ, ಅದರ ಕೆಳಗೆ 1620 ಎಂದು ಕೊರೆದ ಒಂದು ಕಲ್ಲು. ಬಂದವರು ಇದೇ ಕಲ್ಲಿನ ಮೇಲೆ ಕಾಲಿಟ್ಟರು ಅಂತಾರೆ. ಬಂದವರು ಬರೆದಿಟ್ಟ ಯಾವ ಬರಹದಲ್ಲೂ ಈ ಕಲ್ಲಿನ ಮಾತಿಲ್ಲ. 1741ರಲ್ಲಿ ತೊಂಬತ್ತು ದಾಟಿದ ಒಬ್ಬ ಹಿರಿಯರು ಇದೇ ಅಂತ ತೋರಿಸಿದರು, ಅಷ್ಟೇ. ನನಗೆ ಅದು ಹಿಡಿಸಲಿಲ್ಲ. ಅಲ್ಲಿ ಕಳೆಯುವ ಹೊತ್ತನ್ನು ಎದುರಿನ ಕೋಲ್ಸ್ ಹಿಲ್ ಗುಡ್ಡದ ಮೇಲೆ ಕಳೆಯಿರಿ.

ಮೇಫ್ಲವರ್‌ನಲ್ಲಿ ಬಂದವರು 102 ಜನ. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಅವರನ್ನು ಹೂತಿದ್ದು ಈ ಗುಡ್ಡದಲ್ಲಿ. ಮುಂದೆ ಹೌಲ್ಯಾಂಡ್‌ನ ಹೆಂಡತಿಯಾದ, ಆಗ ಹದಿಮೂರು ವರ್ಷದ ಎಲಿಜಬೆತ್ ಟಿಲ್ಲಿಯ ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ನಾಲ್ವರೂ ಆ ಚಳಿಗಾಲದಲ್ಲೇ ಹೋದರು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಹೆನ್ಲೋ ಎಂಬ ಹಳ್ಳಿಯಲ್ಲಿ 1607ರಲ್ಲಿ ದೀಕ್ಷಾಸ್ನಾನವಾದ ಹುಡುಗಿ. ಈಗ ಸಮುದ್ರದ ಈಚೆ ದಡದಲ್ಲಿ ತಬ್ಬಲಿ.

ಅದೇ ಗುಡ್ಡದ ಮೇಲೆ ಇಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್‌ನ ಕಂಚಿನ ಪ್ರತಿಮೆ ಇದೆ. ಪಕ್ಕದಲ್ಲಿ ಒಂದು ಫಲಕ. 1970ರಿಂದ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಮೂಲನಿವಾಸಿಗಳು ಇಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ ಎಂದು ಅದರಲ್ಲಿದೆ. ಹಡಗು ಬರುವ ಕೆಲವೇ ವರ್ಷ ಮುಂಚೆ ಇಲ್ಲಿ ಪಟಕ್ಸೆಟ್ ಎಂಬ ಊರಿತ್ತು. ಸಾಂಕ್ರಾಮಿಕ ರೋಗ ಬಂದು ಊರಿಗೆ ಊರೇ ಬರಿದಾಯಿತು. ಹೊಸಬರು ಮನೆ ಕಟ್ಟಿದ್ದು ಆ ಹೊಲಗಳ ಮೇಲೇ. ಬೀಗಿತ್ತಿ ಆ ಫಲಕವನ್ನು ಪೂರ್ತಿ ಓದಿ, "ನಮ್ಮ ಕಡೆಯ ಕಡಸಿನ ಹೆಸರೂ ನನಗೆ ಗೊತ್ತು. ಆ ಊರಲ್ಲಿ ಸತ್ತ ಒಬ್ಬ ಹೆಂಗಸಿನ ಹೆಸರೂ ಗೊತ್ತಿಲ್ಲ" ಅಂದರು.

ಮೇಲಿನ ಬರಿಯಲ್ ಹಿಲ್ ಸ್ಮಶಾನಕ್ಕೆ ಬೆಳಿಗ್ಗೆ ಬೇಗ ಹೋಗಿ. ಕಪ್ಪು ಸ್ಲೇಟು ಕಲ್ಲಿನ ಮೇಲಿನ ಅಕ್ಷರ ಓದಲು ಓರೆ ಬಿಸಿಲು ಬೇಕು. ಮೊದಲು ಬಂದವರ ಕಾಲದ ಕಲ್ಲು ಅಲ್ಲಿ ಸಿಗುವುದಿಲ್ಲ. ಉಳಿದವುಗಳಲ್ಲಿ ತೀರಾ ಹಳೆಯದು 1681ರದು. ಜಾನ್ ಹೌಲ್ಯಾಂಡ್‌ನ ಕಲ್ಲನ್ನು ವಂಶಸ್ಥರು ಆಮೇಲೆ ನಿಲ್ಲಿಸಿದ್ದು. ಸತ್ತ ದಿನ ಫೆಬ್ರವರಿ 23, ವರ್ಷ 1672-3 ಎಂದಿದೆ. ಎರಡು ವರ್ಷ ಯಾಕೆ ಅಂತ ಕೇಳಿದೆ. 1752ರವರೆಗೆ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅವರ ಲೆಕ್ಕಕ್ಕೆ ಅದು 1672, ನಮ್ಮ ಲೆಕ್ಕಕ್ಕೆ 1673. ಇದು ಗೊತ್ತಿಲ್ಲದೆ ಹುಡುಕಿದರೆ ಮದುವೆಗೆ ಮುಂಚೆ ಮಗು, ಸತ್ತ ಮೇಲೆ ಉಯಿಲು, ಹೀಗೆಲ್ಲ ಕಾಣುತ್ತದೆ.

ಹೌಲ್ಯಾಂಡ್ ಬಂದಾಗ ಗವರ್ನರ್ ಕಾರ್ವರ್ ಮನೆಯ ಆಳು. ಬಿರುಗಾಳಿಯಲ್ಲಿ ಹಡಗಿನಿಂದ ಸಮುದ್ರಕ್ಕೇ ಬಿದ್ದ. ನೀರಿಗೆ ಜೋತುಬಿದ್ದಿದ್ದ ಹಾಯಿಯ ಹಗ್ಗ ಕೈಗೆ ಸಿಕ್ಕಿತು. ಮುಳುಗಿದರೂ ಬಿಡಲಿಲ್ಲ. ಮೇಲಿದ್ದವರು ಎಳೆದುಕೊಂಡರು. ಅದೇ ಹಡಗಿನಲ್ಲಿ ಬಂದು ಮುಂದೆ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ಇದನ್ನು ಬರೆದಿಟ್ಟಿದ್ದಾನೆ. ಕಾರ್ವರ್ ಗಂಡ ಹೆಂಡತಿ 1621ರಲ್ಲೇ ತೀರಿಕೊಂಡರು. ಕೆಲವು ವರ್ಷಗಳಲ್ಲಿ ಹೌಲ್ಯಾಂಡ್ ಎಲಿಜಬೆತ್‌ಳನ್ನು ಮದುವೆಯಾದ. ಹತ್ತು ಮಕ್ಕಳು. ಲೇಖಕ ಎಮರ್ಸನ್, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ಅಧ್ಯಕ್ಷರಾಗಿದ್ದ ಬುಷ್ ತಂದೆ ಮಗ, ಎಲ್ಲರೂ ಈ ದಂಪತಿಯ ವಂಶದವರು.

ಆದರೂ ಎಷ್ಟೋ ಕಾಲ ಎಲಿಜಬೆತ್ ಯಾರ ಮಗಳು ಅನ್ನುವುದೇ ತಪ್ಪಾಗಿತ್ತು. ಕಾರ್ವರ್ ಮನೆತನದ ಹುಡುಗಿ ಅಂತಲೇ ನಂಬಿದ್ದರು. ಬ್ರಾಡ್‌ಫರ್ಡ್‌ನ ಹಸ್ತಪ್ರತಿ ಕಾಣೆಯಾಗಿತ್ತು. ಅದು ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿದೆ ಅಂತ ಗೊತ್ತಾಗಿ, 1856ರಲ್ಲಿ ಅಚ್ಚಾಯಿತು. ಅದರ ಕೊನೆಯಲ್ಲಿ ಹಡಗಿನಲ್ಲಿ ಬಂದವರ ಪಟ್ಟಿ. ಹೌಲ್ಯಾಂಡ್ ಮದುವೆಯಾದದ್ದು ಜಾನ್ ಟಿಲ್ಲಿಯ ಮಗಳು ಎಲಿಜಬೆತ್‌ಳನ್ನು ಎಂದು ಅಲ್ಲಿ ಸ್ಪಷ್ಟವಾಗಿದೆ. ಅವಳು ಸತ್ತು ನೂರ ಅರವತ್ತೊಂಬತ್ತು ವರ್ಷ ಆದ ಮೇಲೆ ಅವಳ ಅಪ್ಪ ಅಮ್ಮ ಅವಳಿಗೆ ಸಿಕ್ಕಿದರು.

ಗಂಡ ಹೆಂಡತಿ ಮಗ ಜಾಬೆಜ್‌ನ ಜೊತೆ ಇದ್ದರು ಎನ್ನುವ ಮನೆ ಸ್ಯಾಂಡ್‌ವಿಚ್ ಬೀದಿಯಲ್ಲಿದೆ. ತಗ್ಗು ಮಾಳಿಗೆ, ಗೋಡೆ ತುಂಬುವಷ್ಟು ದೊಡ್ಡ ಒಲೆ. ಪ್ಲಿಮತ್‌ನಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅದು. ಬಂಡೆ ಬಿಟ್ಟರೂ ಈ ಮನೆ ಬಿಡಬೇಡಿ.

ಎಲಿಜಬೆತ್‌ಳ ಸ್ಮಾರಕ ಮಾತ್ರ ಪ್ಲಿಮತ್‌ನಲ್ಲಿಲ್ಲ. ಗಂಡ ಹೋದ ಮೇಲೆ ಕೊನೆಗಾಲದಲ್ಲಿ ಸ್ವಾನ್ಸಿಯಲ್ಲಿ ಮಗಳು ಲಿಡಿಯಾ ಮನೆಯಲ್ಲಿದ್ದಳು. 1687ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡಳು. ಆ ಜಾಗ ಈಗ ರೋಡ್ ಐಲೆಂಡ್ ರಾಜ್ಯದ ಈಸ್ಟ್ ಪ್ರಾವಿಡೆನ್ಸ್. ಊರಿನ ಗಡಿ, ರಾಜ್ಯದ ಗಡಿ ಎರಡೂ ಬದಲಾಗಿವೆ. ಹಳೆಯ ಕಾಗದದಲ್ಲಿರುವ ಊರಿನ ಹೆಸರನ್ನು ಫೋನಿನ ನಕ್ಷೆಗೆ ಹಾಕಿದರೆ ಬೇರೆ ಕಡೆ ಕರೆದುಕೊಂಡು ಹೋಗುತ್ತದೆ. ಲಿಟ್ಲ್ ನೆಕ್ ಸ್ಮಶಾನ ಅಂತ ಹಾಕಿ. ಪ್ಲಿಮತ್‌ನಿಂದ ಕಾರಿನಲ್ಲಿ ಒಂದು ಗಂಟೆ ಆಗಬಹುದು.

ಅಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಬೀಗಿತ್ತಿ ಚೀಲದಿಂದ ಎಲಿಜಬೆತ್‌ಳ ಉಯಿಲಿನ ನಕಲು ತೆಗೆದರು. 1686ರ ಡಿಸೆಂಬರ್ 17ರದು. ನನಗೆ ಎಪ್ಪತ್ತೊಂಬತ್ತು ವರ್ಷ, ನೆನಪು ಚೆನ್ನಾಗಿದೆ ಅಂತ ಬರೆಸಿದ್ದಾಳೆ. ಲಿಡಿಯಾಗೆ ತನ್ನ ಒಳ್ಳೆಯ ಗರಿ ಹಾಸಿಗೆ, ಎರಡು ದಿಂಬು, ಮೂರು ಹೊದಿಕೆ, ಒಂದು ಹಸಿರು ಕಂಬಳಿ, ಹಿತ್ತಾಳೆ ಪಾತ್ರೆಗಳಲ್ಲಿ ಚಿಕ್ಕದು, ಸಣ್ಣ ಬೈಬಲ್. ಮಗ ಜೋಸೆಫ್‌ಗೆ ತೂಕದ ಕೋಲು. ಬೇರೆ ಕೆಲವು ಮಕ್ಕಳಿಗೆ ಒಂದೊಂದು ಜೊತೆ ಹಾಸುಬಟ್ಟೆ.

"ಅರವತ್ತಾರು ವರ್ಷ ಈ ನೆಲದಲ್ಲಿ ಬಾಳಿದ ಹೆಂಗಸು. ಹಾಸುಬಟ್ಟೆಯನ್ನೂ ಉಯಿಲಿನಲ್ಲಿ ಬರೆಸಬೇಕಿತ್ತಾ?" ಅಂದೆ.

"ಆಗ ಹಾಸಿಗೆ ಬಟ್ಟೆ ಅಂದರೆ ಆಸ್ತಿ. ನೂಲಬೇಕು, ನೇಯಬೇಕು, ಇಲ್ಲ ಇಂಗ್ಲೆಂಡಿನಿಂದ ಬರಬೇಕು" ಅಂದರು. ಆಮೇಲೆ ಕಾಗದ ತಿರುವಿ, "ಇದರಲ್ಲಿ ಡಿಸೈರ್ ಇಲ್ಲ ನೋಡಿ" ಅಂದರು. "ಅಪ್ಪನ ಉಯಿಲಿನಲ್ಲಿ ಇದ್ದಾಳೆ. ಡಿಸೈರ್ ಗೋರಮ್‌ಗೆ ಇಪ್ಪತ್ತು ಶಿಲ್ಲಿಂಗ್ ಅಂತ. ಅಮ್ಮನದರಲ್ಲಿ ಇಲ್ಲ. ಇದನ್ನು ಬರೆಸುವ ಮೂರು ವರ್ಷ ಮುಂಚೆ, 1683ರಲ್ಲಿ, ಬಾರ್ನ್‌ಸ್ಟೇಬಲ್‌ನಲ್ಲಿ ತೀರಿಕೊಂಡಳು. ಗೊತ್ತಿದ್ದೂ ಪ್ರತಿ ಸಲ ಓದುವಾಗ ಅವಳ ಹೆಸರು ಹುಡುಕುತ್ತೇನೆ."

ಡಿಸೈರ್‌ಳ ಗಂಡ ಜಾನ್ ಗೋರಮ್ ಬಗ್ಗೆಯೂ ಹೇಳಿದರು. 1675ರ ಡಿಸೆಂಬರಿನಲ್ಲಿ ನ್ಯಾರಗ್ಯಾನ್ಸೆಟ್ ಎಂಬ ಮೂಲನಿವಾಸಿ ಜನರ ಚಳಿಗಾಲದ ನೆಲೆಯ ಮೇಲೆ ಬಿದ್ದ ಇಂಗ್ಲಿಷ್ ವಲಸಿಗರ ಸೈನ್ಯದಲ್ಲಿ ಅವನು ಕ್ಯಾಪ್ಟನ್. ಹೆಂಗಸರು, ಮಕ್ಕಳು, ಮುದುಕರು ಗುಡಿಸಲುಗಳ ಜೊತೆ ಸುಟ್ಟುಹೋದರು. ಅವನೂ ಜ್ವರ ಬಂದು ಇದೇ ಸ್ವಾನ್ಸಿಯಲ್ಲಿ ಸತ್ತ. ಆ ಸೈನಿಕರ ವಾರಸುದಾರರಿಗೆ ಮುಂದೆ ಜಮೀನು ಕೊಟ್ಟರು. ಮೇಯ್ನ್‌ನ ಗೋರಮ್ ಎಂಬ ಊರು ಹುಟ್ಟಿದ್ದು ಹಾಗೆ. "ಆ ವಾರಸುದಾರರ ಪಟ್ಟಿ ನಮ್ಮಂಥವರಿಗೆ ಪುರಾವೆ. ಅದನ್ನು ಕಡತಕ್ಕೆ ಸೇರಿಸುವಾಗ ಕೈ ನಡುಗಿತು. ಆದರೆ ತೆಗೆದುಹಾಕೋದಿಲ್ಲ. ಹುಡುಗ ದೊಡ್ಡವನಾದ ಮೇಲೆ ಇದನ್ನೂ ಓದಲಿ" ಅಂದರು. ಅವರ ಮೇಲೆ ನನಗೆ ಗೌರವ ಬಂದದ್ದು ಆ ಕ್ಷಣ.

ಆಮೇಲೆ ನಿಮ್ಮ ಕಡೆ ವಂಶ ಹೇಗೆ ನೆನಪಿಡುತ್ತೀರಿ ಅಂತ ಕೇಳಿದರು. ನನ್ನ ತವರು ಹಾವೇರಿ ಕಡೆಯ ಹಳ್ಳಿ. ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಮನೆ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಯಾರ ಮಗ ಯಾರು, ಯಾವ ಊರಿನಿಂದ ಬಂದವರು ಅಂತ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಅಪ್ಪ ಕಾಳು, ಬಟ್ಟೆ ಕೊಡುತ್ತಿದ್ದರು. ಬೀಗಿತ್ತಿ ಎದ್ದುನಿಂತೇ ಬಿಟ್ಟರು. "ವಂಶಾವಳಿ ಇಟ್ಟುಕೊಂಡವರು ಮನೆ ಬಾಗಿಲಿಗೇ ಬರ್ತಾರಾ? ಮತ್ತೆ ನಿಮ್ಮ ಅಜ್ಜಿಯ ಅಜ್ಜಿ ಯಾರು?" ಅಂದರು. ನಮ್ಮ ಮನೆ ಮುಂದೆ ಓದಿದ್ದರಲ್ಲಿ ಗಂಡಸರ ಹೆಸರೇ ಇದ್ದವು. ಅಜ್ಜಿಯ ಹೆಸರು ಶಾಂತವ್ವ, ಅವರ ತಾಯಿ ನೀಲವ್ವ. ಅದರಾಚೆ ನನಗೆ ಗೊತ್ತಿಲ್ಲ. ಆ ಎರಡು ಹೆಸರನ್ನು ಅವರು ಉಯಿಲಿನ ನಕಲಿನ ಹಿಂದೆ ಬರೆದುಕೊಂಡರು.

ಅರ್ಜಿ ಈಗ ಹೆಚ್ಚುಕಡಿಮೆ ಸಿದ್ಧವಾಗಿದೆ. ಪ್ರತಿ ತಲೆಮಾರಿಗೂ ಹುಟ್ಟು, ಮದುವೆ, ಸಾವಿನ ಪುರಾವೆ ಕೊಡಬೇಕು. ಎಲಿಜಬೆತ್, ಡಿಸೈರ್, ಪಿಂಚಣಿ ಕಡತದ ಹೆಂಗಸು, ಎಲ್ಲರ ಕಾಗದವೂ ಸಿಕ್ಕಿದೆ. ಕಡತಕ್ಕೆ ಇನ್ನೂ ಸೇರಬೇಕಾದದ್ದು ನನ್ನ ಮಗಳ ಜನನ ಪತ್ರ. ಹುಬ್ಬಳ್ಳಿಯಲ್ಲಿ ಹುಟ್ಟಿದವಳು. ಆಗಿನ ರೂಢಿಯಂತೆ ಅದರಲ್ಲಿ ತಂದೆ ತಾಯಿ ಹೆಸರಿದೆ, ತಾರೀಖಿದೆ, ಹೆಣ್ಣು ಅಂತ ಇದೆ. ಅವಳ ಹೆಸರಿನ ಜಾಗ ಖಾಲಿ. ಶಾಲೆಯ ದಾಖಲೆ ಇಟ್ಟು ಹೆಸರು ಸೇರಿಸಲು ಅರ್ಜಿ ಕೊಡಬೇಕು. ಊರಿಗೆ ಬಂದವಳೇ ಮೊದಲು ಆ ಕೆಲಸಕ್ಕೆ ಕೈಹಾಕಿದ್ದೇನೆ.