ಕಿಕ್ ಹೊಡೆಯುವಾಗ ಸುಮ್ಮನಾಗುವ ಊರು

ಡಬ್ಲಿನ್‌ನಿಂದ ಲಿಮರಿಕ್‌ಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ನಡುವೆ ಲಿಮರಿಕ್ ಜಂಕ್ಷನ್‌ನಲ್ಲಿ ಗಾಡಿ ಬದಲಿಸಬೇಕಾಯಿತು. ಹೆಸರು ಲಿಮರಿಕ್‌ನದಾದರೂ ಆ ನಿಲ್ದಾಣ ಇರುವುದು ಪಕ್ಕದ ಟಿಪ್ಪರರಿಯಲ್ಲಿ. ಊರು ಬಂತೆಂದು ಬ್ಯಾಗು ಹೆಗಲಿಗೇರಿಸಿದವರು ಇನ್ನೊಂದು ರೈಲು ಹತ್ತಬೇಕು!

ಲಿಮರಿಕ್‌ನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗ ನಿಲ್ದಾಣಕ್ಕೆ ಬಂದಿದ್ದ. "ಮಾವ, ಕೋಟೆಗೀಟೆ ಎಲ್ಲ ನಾಳೆ. ಇವತ್ತು ಮನ್‌ಸ್ಟರ್ ಮ್ಯಾಚ್ ಇದೆ, ಟಿಕೆಟ್ ತಗೊಂಡಾಗಿದೆ" ಅಂದ. ರಗ್ಬಿ ನನಗೆ ಅಷ್ಟಕ್ಕಷ್ಟೇ. ಆದರೂ ಹೊರಟೆ.

ಮನ್‌ಸ್ಟರ್ ಎಂದರೆ ಐರ್ಲೆಂಡಿನ ನಾಲ್ಕು ಪ್ರಾಂತ್ಯಗಳಲ್ಲಿ ಒಂದು. ಕಾರ್ಕ್, ಕೆರ್ರಿ, ಕ್ಲೇರ್, ಟಿಪ್ಪರರಿ, ವಾಟರ್‌ಫರ್ಡ್, ಲಿಮರಿಕ್ ಹೀಗೆ ಆರು ಕೌಂಟಿಗಳು. ಆರಕ್ಕೂ ಸೇರಿ ಒಂದೇ ತಂಡ. ಕಾರ್ಕ್‌ನಲ್ಲೂ ಅದಕ್ಕೊಂದು ಮೈದಾನವಿದೆ, ಆದರೆ ದೊಡ್ಡ ಪಂದ್ಯಗಳಿಗೆ ಹೆಸರಾದದ್ದು ಲಿಮರಿಕ್‌ನ ಥೋಮಂಡ್ ಪಾರ್ಕ್. ಶುರುವಾದದ್ದು 1934ರಲ್ಲಿ. ಒಡೆತನ ಐರಿಷ್ ರಗ್ಬಿ ಒಕ್ಕೂಟದ್ದು. ಊರಿನ ಶ್ಯಾನನ್‌ನಂಥ ಕ್ಲಬ್‌ಗಳೂ ಇಲ್ಲೇ ಆಡುತ್ತವೆ.

ಶ್ಯಾನನ್ ನದಿ ದಾಟಿ ಉತ್ತರದ ಕಡೆಗೆ ನಡೆದೆವು. ಕೆಂಪು ಜೆರ್ಸಿಯ ಜನ ಪಬ್ಬುಗಳಿಂದ ಹೊರಬಿದ್ದು ಅದೇ ದಿಕ್ಕಿಗೆ ಸಾಗುತ್ತಿದ್ದರು. ಅಜ್ಜಂದಿರು, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡ ತಾಯಂದಿರು, ಶಾಲಾ ಹುಡುಗಿಯರು. ಡಬ್ಲಿನ್, ಬೆಲ್‌ಫಾಸ್ಟ್‌ಗಳಲ್ಲಿ ರಗ್ಬಿ ಹೆಚ್ಚಾಗಿ ದುಬಾರಿ ಶಾಲೆಗಳಲ್ಲಿ ಓದಿದವರ ಆಟ. ಲಿಮರಿಕ್‌ನಲ್ಲಿ ಹಾಗಲ್ಲ. ಇಲ್ಲಿ ಬಂದರಿನ ಹಮಾಲರು, ಹಂದಿಮಾಂಸದ ಕಾರ್ಖಾನೆಯ ಕೆಲಸಗಾರರು ತಮ್ಮ ಕೇರಿಯ ಕ್ಲಬ್ಬಿಗೆ ಆಡುತ್ತಿದ್ದರು, ಡಾಕ್ಟರು ವಕೀಲರೂ ಜೊತೆಗಿರುತ್ತಿದ್ದರು. ಈ ಕ್ಲಬ್‌ಗಳಲ್ಲೊಂದಾದ ಗ್ಯಾರಿಓವನ್‌ನ ಹೆಸರು ಚೆಂಡನ್ನು ಎತ್ತರಕ್ಕೆ ಒದ್ದು ಅದರ ಹಿಂದೆಯೇ ಓಡುವ ಹೊಡೆತಕ್ಕೂ ಅಂಟಿಕೊಂಡು ಲೋಕವೆಲ್ಲ ಸುತ್ತಿದೆ.

ಮೈದಾನದ ಎರಡು ಪಕ್ಕದಲ್ಲಿ ಕಮಾನು ಹೊತ್ತ ಎತ್ತರದ ಸ್ಟ್ಯಾಂಡ್‌ಗಳು, ಎರಡು ತುದಿಯಲ್ಲಿ ನಿಂತು ನೋಡುವ ತೆರೆದ ಮೆಟ್ಟಿಲುಗಳು. ನಮ್ಮದು ನಿಲ್ಲುವ ಜಾಗ. ಸುಮಾರು 25,600 ಮಂದಿ ಹಿಡಿಯುತ್ತಾರೆ, ಅಂದು ಅಷ್ಟು ಜನ ಇರಲಿಲ್ಲ. ಲೀಗ್ ಪಂದ್ಯಗಳಿಗೆ ತುಂಬುವುದು ಕಷ್ಟ ಎಂದ ಅಳಿಯ.

ಗದ್ದಲ ಜೋರಾಗಿಯೇ ಇತ್ತು. ಎದುರಾಳಿ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಅವರ ಆಟಗಾರ ಚೆಂಡನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. "ಈಗ ಮಾತಾಡಬೇಡಿ ಮಾವ" ಅಂತ ಅಳಿಯ ಪಿಸುಗುಟ್ಟಿದ. ನೋಡನೋಡುತ್ತಲೇ ಇಡೀ ಮೈದಾನ ಸ್ತಬ್ಧ. ಪಕ್ಕದವನು ಚಿಪ್ಸ್ ಜಗಿಯುವುದನ್ನೂ ನಿಲ್ಲಿಸಿದ್ದ. ಬೂಟು ಚೆಂಡಿಗೆ ತಗುಲಿದ ಸದ್ದು ನಮ್ಮವರೆಗೂ ಕೇಳಿಸಿತು. ಗೋಲುಕಂಬದ ಹೊರಗೆ ಹೋದ ಮೇಲೆಯೇ ಕೇಕೆ. ಚಿನ್ನಸ್ವಾಮಿಯಲ್ಲಿ ಬೆಳೆದ ನನ್ನ ಕಿವಿಗೆ ಇದು ವಿಚಿತ್ರ. ಇದು ಮರ್ಯಾದೆಯೇ, ಒದೆಯುವವನ ಎದೆ ನಡುಗಿಸುವ ಉಪಾಯವೇ? ಎರಡೂ ಇರಬೇಕು ಅನ್ನಿಸಿತು. ಯುರೋಪಿನ ಕ್ಲಬ್‌ಗಳ ದೊಡ್ಡ ಪಂದ್ಯಾವಳಿಯಾದ ಯುರೋಪಿಯನ್ ಕಪ್‌ನಲ್ಲಿ 1995ರಿಂದ 2007ರವರೆಗೆ ಇಲ್ಲಿ ಮನ್‌ಸ್ಟರನ್ನು ಯಾರೂ ಸೋಲಿಸಿರಲಿಲ್ಲ. ಕೊನೆಗೆ ಆ ಜನವರಿಯಲ್ಲಿ ಇಂಗ್ಲೆಂಡಿನ ಲೆಸ್ಟರ್ 13-6ರಿಂದ ಗೆದ್ದಿತು. ಅದಕ್ಕೆ ಮುಂಚೆ, 2003ರಲ್ಲಿ, ಮುಂದಿನ ಸುತ್ತಿಗೆ ಹೋಗಲು ಇಂಗ್ಲೆಂಡಿನದೇ ಗ್ಲಾಸ್ಟರ್ ವಿರುದ್ಧ ನಾಲ್ಕು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ತಾಗಿಸುವುದು), ಜೊತೆಗೆ 27 ಅಂಕಗಳ ಅಂತರ ಬೇಕಿತ್ತು. ಗೆದ್ದದ್ದು 33-6ರಿಂದ, ಲೆಕ್ಕ ಹಾಕಿ!

ಮರುದಿನ ಕೋಟೆ ಮತ್ತೆ ಹಿಂದಕ್ಕೆ ಬಿತ್ತು, ನಾನೇ ಸ್ಟೇಡಿಯಂನ ಮ್ಯೂಸಿಯಂ ನೋಡೋಣ ಅಂದೆ. ಅಲ್ಲಿ ಎಲ್ಲ ದಾರಿಗಳೂ 1978ರ ಅಕ್ಟೋಬರ್ 31ಕ್ಕೆ ಹೋಗುತ್ತವೆ. ಅಂದು ಮಂಗಳವಾರ. ಟಾಮ್ ಕೀರ್ನನ್ ತರಬೇತಿಯ ಮನ್‌ಸ್ಟರ್ ಎದುರು ನ್ಯೂಜಿಲೆಂಡಿನ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸ್. ದಿನದ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಆಡುವ ಹವ್ಯಾಸಿಗಳು ಮನ್‌ಸ್ಟರ್‌ನವರು. ಕ್ರಿಸ್ಟಿ ಕ್ಯಾಂಟಿಲನ್ ಒಂದು ಟ್ರೈ ಮಾಡಿದ, ಟೋನಿ ವಾರ್ಡ್ ಅದನ್ನು ಕನ್ವರ್ಟ್ ಮಾಡಿ (ಟ್ರೈ ನಂತರ ಸಿಗುವ ಒದೆತವನ್ನು ಗೋಲಾಗಿಸಿ) ಮೇಲೆ ಎರಡು ಡ್ರಾಪ್ ಗೋಲ್, ಅಂದರೆ ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಒದ್ದ ಗೋಲು, ಹೊಡೆದ. 12-0. ಅದೇ ಪ್ರವಾಸದಲ್ಲಿ ಆಲ್ ಬ್ಲ್ಯಾಕ್ಸ್ ಐರ್ಲೆಂಡ್, ವೇಲ್ಸ್, ಇಂಗ್ಲೆಂಡ್, ಸ್ಕಾಟ್‌ಲೆಂಡ್ ನಾಲ್ಕನ್ನೂ ಸೋಲಿಸಿದರು. ಸೋತದ್ದು ಇಲ್ಲಿ ಮಾತ್ರ. ಗೆದ್ದ ಕ್ಯಾಪ್ಟನ್ ಡೋನಲ್ ಕ್ಯಾನಿಫ್‌ಗೆ ಪಂದ್ಯ ಮುಗಿದ ಮೇಲೆ ತಂದೆ ತೀರಿಕೊಂಡ ಸುದ್ದಿ ಬಂತು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಮುಂದಿನ ಫೋಟೋಗೆ ಹೋಗಲಾರದೆ ನಿಂತೆ.

ಆ ತಂಡದ ಇನ್ನೊಬ್ಬ ಆಟಗಾರ ಬ್ರೆಂಡನ್ ಫೋಲಿ. ಅವರ ಮಗ ಆಂಥನಿ 2006ರಲ್ಲಿ ಕ್ಯಾಪ್ಟನ್ ಆಗಿ ಮನ್‌ಸ್ಟರ್‌ಗೆ ಮೊದಲ ಯುರೋಪಿಯನ್ ಕಪ್ ತಂದವನು. ಮುಂದೆ ಕೋಚ್ ಆದ. 2016ರ ಅಕ್ಟೋಬರ್‌ನಲ್ಲಿ ಪಂದ್ಯಕ್ಕೆಂದು ಪ್ಯಾರಿಸ್‌ಗೆ ಹೋದಾಗ ಹೋಟೆಲಿನಲ್ಲೇ ತೀರಿಕೊಂಡ, ವಯಸ್ಸು 42. ಮರುವಾರ ಥೋಮಂಡ್ ಪಾರ್ಕ್‌ನಲ್ಲಿ ಮನ್‌ಸ್ಟರ್ ಗ್ಲಾಸ್ಗೋವನ್ನು 38-17ರಿಂದ ಸೋಲಿಸಿತು, ಅವನ 8ನೇ ನಂಬರಿನ ಜೆರ್ಸಿಯನ್ನು ಅಂದು ಯಾರೂ ತೊಡಲಿಲ್ಲ. ನವೆಂಬರ್‌ನಲ್ಲಿ ಶಿಕಾಗೋದಲ್ಲಿ ಐರ್ಲೆಂಡ್ ತಂಡದವರು ಆಲ್ ಬ್ಲ್ಯಾಕ್ಸ್ ಎದುರು 8ರ ಆಕಾರದಲ್ಲಿ ನಿಂತರು. ಆಮೇಲೆ ಮೊದಲ ಬಾರಿಗೆ ಅವರನ್ನು ಸೋಲಿಸಿಯೂಬಿಟ್ಟರು. ಮನ್‌ಸ್ಟರ್ ಮಾಡಿದ್ದನ್ನು ದೇಶ ಮಾಡಲು 38 ವರ್ಷ ಹಿಡಿಯಿತು.

ಈಗಿನ ಸ್ಟ್ಯಾಂಡ್‌ಗಳು 2008ರವು. ಹೊಸ ಕಟ್ಟಡದ ಆರಂಭಕ್ಕೂ ಆಲ್ ಬ್ಲ್ಯಾಕ್ಸನ್ನೇ ಕರೆಸಿದ್ದರು. ಪಂದ್ಯಕ್ಕೆ ಮುಂಚೆ ಅವರು ತಮ್ಮ ಮಾವೋರಿ ಕುಣಿತವಾದ ಹಾಕಾ ಕುಣಿಯುವ ಮೊದಲು ಮನ್‌ಸ್ಟರ್‌ನಲ್ಲಿದ್ದ ನಾಲ್ವರು ನ್ಯೂಜಿಲೆಂಡಿನವರು ತಾವೇ ಹಾಕಾ ಕುಣಿದು ತೋರಿಸಿದರು. ಕೊನೆಯ ನಿಮಿಷಗಳಲ್ಲಿ 16-18ರಿಂದ ಸೋತರೂ ಊರಿನವರು ಅದನ್ನು ಗೆಲುವಿನಷ್ಟೇ ಹೆಮ್ಮೆಯಿಂದ ಹೇಳುತ್ತಾರೆ.

1978ರ ಪಂದ್ಯ ಟಿವಿಯಲ್ಲಿ ನೇರ ಪ್ರಸಾರ ಆಗಿರಲಿಲ್ಲ. ನೋಡಿದವರು 12,000 ಜನ. ಆದರೆ ನಾನು ಕೇಳಿದವರೆಲ್ಲ ಅಲ್ಲಿದ್ದವರೇ. ಸ್ಟೇಷನ್ನಿಗೆ ಬಿಟ್ಟ ಟ್ಯಾಕ್ಸಿಯವರೂ ಗೋಲುಕಂಬದ ಪಕ್ಕದಲ್ಲೇ ನಿಂತಿದ್ದರಂತೆ. ಇಳಿದ ಮೇಲೆ ಅಳಿಯ ಕೇಳಿದ: "ಮಾವ, ಅವರಿಗೆ ಜಾಸ್ತಿ ಅಂದ್ರೆ ಐವತ್ತು ಇರಬಹುದಲ್ವಾ?"