ದುಪಟ್ಟಾದ ಮರೆಯಾಗ

ನಿನ್ನೆ ಸಂಜಿಮುಂದ ಧಾರವಾಡದಾಗ ಹುಡುಗ್ಯಾರ ಅಂತರ ಕಾಲೇಜು ಕಬಡ್ಡಿ ನೋಡಾಕ ಹೋಗಿದ್ದೆ. ಮ್ಯಾಚಿಗಿಂತ ಮೊದಲ ಕಂಡಿದ್ದು ಇನ್ನೂ ಕಣ್ಣಾಗ ಐತಿ. ಬಟ್ಟಿ ಬದಲಿಸಾಕ ಒಂದು ಖೋಲಿ ಇಲ್ಲ. ಗ್ವಾಡಿ ಹಿಂದ ಇಬ್ಬರು ದುಪಟ್ಟಾ ಚಾಚಿ ಹಿಡಕೊಂಡು ನಿಂತಿದ್ರು, ಅದರ ಮರೆಯಾಗ ಮೂರನೇಕಿ ಜೆರ್ಸಿ ಹಾಕ್ಕೊಳ್ಳಾಕತ್ತಿದ್ಲು. ಗಾಳಿಗೆ ದುಪಟ್ಟಾ ಹಾರಿದಾಗೊಮ್ಮೆ ಮೂವರೂ ತಟ್ಟನೆ ಕೆಳಗ ಕೂಡತಿದ್ರು.

ಆಕಿನ ರೇಡಿಗೆ ಹೋದಾಗ ಗೆರಿ ಹೊರಗಿನ ಹುಡುಗರು ಆಕಿ ಮೈಬಣ್ಣ, ಮೈಕಟ್ಟು ಹಿಡಿದು ಕೂಗಾಕತ್ರು. ರೆಫ್ರಿ ಸೀಟಿ ಊದಿ ಆಟ ನಿಲ್ಲಿಸಿದ್ರು. "ಏ ತಮ್ಮಾ, ಆಟ ನೋಡೂದಿದ್ರ ನೋಡು, ಇಲ್ಲಾಂದ್ರ ಗೇಟ್ ಅಲ್ಲೈತಿ." ಸದ್ದಡಗಿತು. ಆ ರೆಫ್ರಿಗೆ ಮನಸ್ಸಿನಾಗ ಕೈ ಮುಗಿದೆ.

ಏಷ್ಯನ್ ಗೇಮ್ಸ್‌ನಾಗ ಗಂಡಸರ ಕಬಡ್ಡಿ ಬಂದಿದ್ದು 1990ರಾಗ, ಹೆಣ್ಮಕ್ಕಳದು 2010ರಾಗ. 20 ವರ್ಷ ಕಾಯಿಸಿದ್ರೂ ನಮ್ಮ ಹೆಣ್ಮಕ್ಕಳು ಮೊದಲನೇ ಸಲಾನ ಬಂಗಾರ ತಂದ್ರು. ಅಂಥವರ ತಂಗ್ಯಾರಿಗೆ ಒಂದು ಚಿಲಕ ಇರೋ ಖೋಲಿ ಕೊಡಾಕ ಇನ್ನೆಷ್ಟು ವರ್ಷ ಬೇಕು?

ಹೊರಡೋ ಮುಂದ ಆಯೋಜಕರನ್ನ ಕೇಳೇ ಬಂದೀನಿ. ಗುರುವಾರದ ಮ್ಯಾಚಿಗೆ ಒಂದು ಕ್ಲಾಸ್ ರೂಮಿನ ಕೀಲಿ ಕೊಡ್ತೇವಿ ಅಂದಾರ. ಗುರುವಾರ ಮತ್ತ ಹೋಗ್ತೀನಿ.