ಅಮ್ಮನ ಹಳೇ ಲ್ಯಾಪ್‌ಟಾಪಲ್ಲಿ ಯಕ್ಷಗಾನ ತಡವರಿಸ್ತಿತ್ತು

ಊರಿಗೆ ಹೋದ ತಕ್ಷಣ ಅಮ್ಮ ಹೇಳಿದ್ದು, ನೀನು ಪೆನ್‌ಡ್ರೈವಲ್ಲಿ ಹಾಕ್ಕೊಟ್ಟ ಆಟ ನೋಡೋಕೇ ಆಗಲ್ಲ ಮಾರಾಯ, ಭಾಗವತರ ಪದ ಅರ್ಧಕ್ಕೇ ನಿಲ್ಲುತ್ತೆ ಅಂತ. ಹಾಕಿ ನೋಡಿದ್ರೆ ನಿಜ, ಚೆಂಡೆ ಪೆಟ್ಟು ತುಂಡುತುಂಡಾಗಿ ಕೇಳ್ತಿತ್ತು, ಗಿರಕಿ ಹೊಡೀತಿದ್ದ ವೇಷ ಹಾಗೇ ಕಲ್ಲಿನ ಥರ ನಿಂತುಬಿಡ್ತಿತ್ತು.

ರ್ಯಾಮ್ 4 ಜಿಬಿ ಅಲ್ವಾ, ಅದೇ ಸಮಸ್ಯೆ ಅಂದ್ಕೊಂಡು ಬ್ರೌಸರ್ ಎಲ್ಲಾ ಕ್ಲೋಸ್ ಮಾಡ್ದೆ, ಪವರ್ ಸೇವರ್ ತೆಗ್ದೆ, ಏನೂ ಬದಲಾಗ್ಲಿಲ್ಲ. ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿಟ್ಕೊಂಡು ಪ್ಲೇ ಮಾಡಿದ್ರೆ ಸಿಪಿಯು 100%. ವಿಎಲ್‌ಸಿ ಪ್ಲೇಯರಲ್ಲಿ ಕಂಟ್ರೋಲ್ ಜೆ ಒತ್ತಿದ್ರೆ ಕೋಡೆಕ್ (ವಿಡಿಯೋನ ಕುಗ್ಗಿಸಿಟ್ಟಿರೋ ವಿಧಾನ) ಯಾವ್ದು ಅಂತ ತೋರಿಸುತ್ತೆ, ಕಾರಣ ಸಿಕ್ಕಿದ್ದೇ ಅಲ್ಲಿ: ಎಚ್‌ಇವಿಸಿ, 3840x2160, ಅಂದ್ರೆ 4ಕೆ. ನನ್ನ ಫೋನಲ್ಲೇ ಶೂಟ್ ಮಾಡಿದ್ದು. ಎಚ್‌ಇವಿಸಿ ಅಂದ್ರೆ ಎಚ್.265, ಅದು ಸ್ಟ್ಯಾಂಡರ್ಡ್ ಆಗಿದ್ದೇ 2013ರಲ್ಲಿ, ಈ ಲ್ಯಾಪ್‌ಟಾಪ್ 2012ರದ್ದು, ಇದರ ಗ್ರಾಫಿಕ್ಸ್ ಚಿಪ್‌ಗೆ ಅದಕ್ಕಿಂತ ಹಳೇ ಕೋಡೆಕ್ ಎಚ್.264 ಬಿಡಿಸೋಕೆ ಬರುತ್ತೆ, 265 ಬರಲ್ಲ, ಹಾಗಾಗಿ ಪೂರ್ತಿ ಭಾರ ಸಿಪಿಯು ಮೇಲೆ ಬಿದ್ದು ಪಾಪ ಅದು ಏದುಸಿರು ಬಿಡ್ತಿತ್ತು.

ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಕನ್ವರ್ಟರಲ್ಲಿ ಎಚ್.264ಕ್ಕೆ, ಸೈಜೂ ಚಿಕ್ಕದು ಮಾಡಿ 720ಪಿಗೆ ಕನ್ವರ್ಟ್ ಮಾಡ್ದೆ. ಇದನ್ನ ಹೊಸ ಮಷೀನಲ್ಲೇ ಮಾಡಿ, ಹಳೇದ್ರಲ್ಲಿ ಕೂತ್ರೆ ಬೆಳಗಾಗುತ್ತೆ. ಫೋನ್ ಕ್ಯಾಮೆರಾ ಸೆಟ್ಟಿಂಗಲ್ಲೂ ಎಚ್.264 ಇಟ್ಟೆ, ಇನ್ಮೇಲೆ ಈ ತಾಪತ್ರಯ ಇಲ್ಲ.

ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತ ಯಾರೋ ಅಮ್ಮಂಗೆ ಹೇಳಿದ್ರಂತೆ, ನಂಗೆ ನಿಜಕ್ಕೂ ಬೇಜಾರಾಯ್ತು. ರಾತ್ರಿ ಊಟ ಆದ್ಮೇಲೆ ಅಮ್ಮ ಕೂತು ಪೂರ್ತಿ ಪ್ರಸಂಗ ನೋಡಿದ್ರು, ಚೆಂಡೆ ಒಂದು ಪೆಟ್ಟೂ ತಪ್ಪಲಿಲ್ಲ.